ರಾಮನ್ನರ ಬೆಳಕು

ಕಳೆದ ವರ್ಷ ನನ್ನ ತಾಯಿಯವರ ಕೆನ್ನೆಯ ಮಚ್ಚೆಯೊಂದು ಬಣ್ಣ ಬದಲಿಸಿತು. ಚರ್ಮದ ಕ್ಯಾನ್ಸರ್ ಇರಬಹುದೆಂಬ ಶಂಕೆಯಿಂದ ವೈದ್ಯರು ಅದರ ಚೂರೊಂದನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶ ಬರುವವರೆಗಿನ ಎಂಟು ದಿನ ಮನೆಯಲ್ಲಿ ಯಾರಿಗೂ ಅನ್ನ ರುಚಿಸಲಿಲ್ಲ. ಭಯವಿಲ್ಲವೆಂದು ತಿಳಿದ ಮೇಲೆ, ಶಸ್ತ್ರ ಸೋಕಿಸದೆ ಇದನ್ನು ಅರಿಯುವ ಉಪಾಯವುಂಟೇ ಎಂದು ಹುಡುಕಹೊರಟ ನನಗೆ ಎದುರಾದುದು ಬೆಂಗಳೂರಿಗೆ ತೀರ ಪರಿಚಿತವಾದ ಹೆಸರು: ಸರ್ ಸಿ. ವಿ. ರಾಮನ್.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ನರು 1907ರಲ್ಲಿ ಕಲ್ಕತ್ತೆಯಲ್ಲಿ ಸರ್ಕಾರಿ ಲೆಕ್ಕಾಧಿಕಾರಿಯಾದರು. ಹಗಲೆಲ್ಲ ಕಚೇರಿ, ಮುಂಜಾನೆ, ಸಂಜೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಶಾಲೆ. ಹತ್ತು ವರ್ಷ ಹೀಗೆ ನಡೆಸಿ, 1917ರಲ್ಲಿ ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿನ ಹಡಗುಯಾನದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಕಾಡಿತು. ಅದು ಆಕಾಶದ ಪ್ರತಿಬಿಂಬವೆಂಬುದು ಅಂದಿನ ದೊಡ್ಡವರ ಮತ. ರಾಮನ್ನರು ಪುಟ್ಟ ಸ್ಫಟಿಕವೊಂದರ ಮೂಲಕ ಆ ಪ್ರತಿಬಿಂಬವನ್ನು ನಿವಾರಿಸಿ ನೋಡಿದರು. ನೀಲಿ ಉಳಿದೇ ಇತ್ತು. ಬೆಳಕನ್ನು ಚದುರಿಸುತ್ತಿದ್ದುದು ನೀರಿನ ಅಣುಗಳೇ. ಆ ಎಳೆಯನ್ನು ಬಿಡದೆ ಹಿಡಿದು, ಕೆ. ಎಸ್. ಕೃಷ್ಣನ್ನರ ನೆರವಿನಿಂದ 1928ರ ಫೆಬ್ರವರಿ 28ರಂದು ಗುರಿ ಮುಟ್ಟಿದರು. ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಹಾಯಿಸಿದರೆ, ಚದುರಿದ ಬೆಳಕಿನಲ್ಲಿ ಮೊದಲಿಲ್ಲದ ಬಣ್ಣದ ಗೆರೆಗಳು ಕಾಣುತ್ತವೆ. ಕಂಪಿಸುವ ಅಣು ಬೆಳಕಿನಿಂದ ಒಂದಿಷ್ಟು ಶಕ್ತಿಯನ್ನು ಪಡೆಯುತ್ತದೆ, ಇಲ್ಲವೆ ಅದಕ್ಕೆ ಕೊಡುತ್ತದೆ. ಒಂದೊಂದು ಬಗೆಯ ಅಣುವಿಗೂ ಅದರದೇ ಜಮಾಖರ್ಚು. ಹಳೆಯ ಲೆಕ್ಕಾಧಿಕಾರಿಯ ಕಣ್ಣಿಗೆ ಇದು ಬಿದ್ದುದು ಸಹಜವೇ ಎನ್ನೋಣ! 1930ರಲ್ಲಿ ನೊಬೆಲ್ ಬಂದಿತು.

1933ರಲ್ಲಿ ಅವರು ಬೆಂಗಳೂರಿಗೆ ಬಂದು, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಹೊಂದಿಕೊಂಡು ಹೋಗುವುದು ಅವರ ಸ್ವಭಾವವಲ್ಲ; 1937ರಲ್ಲಿ ಆ ಪದವಿ ಬಿಟ್ಟರು, ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು. ಆಮೇಲೆ ತಮ್ಮದೇ ಸಂಶೋಧನಾಲಯ. 1970ರ ನವೆಂಬರ್ 21ರಂದು ತೀರಿಕೊಂಡಾಗ ಅದರ ಆವರಣದಲ್ಲಿಯೇ ದಹನವಾಯಿತು. ಅಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ರಾಮನ್ನರು ಕಂಡ ಬೆಳಕು ಅತಿ ಕ್ಷೀಣ. ಸುಮಾರು ಕೋಟಿಗೊಂದು ಕಣ ಮಾತ್ರ ಹಾಗೆ ಬಣ್ಣ ಬದಲಿಸುತ್ತದೆ. 1960ರಲ್ಲಿ ಲೇಸರ್ ಹುಟ್ಟಿದ ಮೇಲೆ ಅದನ್ನು ಹಿಡಿಯುವುದು ಸುಲಭವಾಯಿತು. ಕ್ಯಾನ್ಸರ್ ತಗುಲಿದ ಚರ್ಮದಲ್ಲಿ ಪ್ರೋಟೀನು, ಕೊಬ್ಬುಗಳ ಪ್ರಮಾಣ ಬದಲಾಗುವುದರಿಂದ ಆ ಗೆರೆಗಳೂ ಬದಲಾಗುತ್ತವೆ. ಕೆನಡಾದ ವ್ಯಾಂಕೂವರಿನ ವೈದ್ಯರು 453 ರೋಗಿಗಳ 518 ಕಲೆಗಳನ್ನು ಹೀಗೆ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ಒಂದೊಂದಕ್ಕೂ ಒಂದು ಸೆಕೆಂಡೂ ಹಿಡಿಯಲಿಲ್ಲ. ಆದರೆ ಯಾವ ಕ್ಯಾನ್ಸರೂ ತಪ್ಪಿಹೋಗಬಾರದೆಂದು ಯಂತ್ರವನ್ನು ಬಿಗಿಗೊಳಿಸಿದರೆ ಅದು ಎಷ್ಟೋ ನಿರಪಾಯ ಮಚ್ಚೆಗಳನ್ನೂ ಶಂಕಿಸುತ್ತದೆ. ಕೊನೆಯ ತೀರ್ಪು ಇಂದಿಗೂ ಕತ್ತರಿಸಿದ ಆ ಚೂರಿನದೇ.

ತಾಯಿಯವರನ್ನು ಮುಂದಿನ ತಿಂಗಳು ಮತ್ತೊಮ್ಮೆ ತೋರಿಸಬೇಕು.