ದಿವಾನ್ ರಂಗಾಚಾರ್ಲು ಮತ್ತು ಮೈಸೂರಿನ ಪುರಭವನ

ಮೈಸೂರಿನ ಪುರಭವನವು ದಿವಾನ್ ರಂಗಾಚಾರ್ಲು ಅವರ ಸ್ಮಾರಕವೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಅವರು 1831ರಲ್ಲಿ ಜನಿಸಿದ್ದು ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ನಮ್ಮ ಅಂಬತ್ತೂರೂ ಹಿಂದೆ ಅದೇ ಜಿಲ್ಲೆಗೆ ಸೇರಿತ್ತು. ಮದರಾಸು ಸರ್ಕಾರದ ಕಂದಾಯ ಸೇವೆಯಲ್ಲಿ ಪಳಗಿದ ಅವರು 1868ರಲ್ಲಿ ಮೈಸೂರಿಗೆ ಬಂದು ಅರಮನೆಯ ಆಡಳಿತದ ಹೊಣೆ ಹೊತ್ತರು.

1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ರಂಗಾಚಾರ್ಲು ದಿವಾನರಾದರು. 1876-78ರ ಮಹಾಕ್ಷಾಮದ ನೋವು ಇನ್ನೂ ಮಾಸಿರಲಿಲ್ಲ, ಬೊಕ್ಕಸ ಸಾಲದಲ್ಲಿತ್ತು. ಅಂತಹ ದಿನಗಳಲ್ಲಿ ಆಡಳಿತದ ಲೆಕ್ಕವನ್ನು ಪ್ರಜೆಗಳ ಮುಂದಿಡುವುದು ಸುಲಭದ ಮಾತಲ್ಲ. ಆದರೂ ಅದೇ ವರ್ಷದ ಅಕ್ಟೋಬರ್ 7ರಂದು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಸೇರಿತು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸದಸ್ಯರ ಚುನಾವಣೆ ಆರಂಭವಾದದ್ದು 1891ರಲ್ಲಿ. ಆದರೆ ಭೂಮಾಲೀಕರೂ ವರ್ತಕರೂ ದಿವಾನರ ಎದುರಿಗೇ ನಾಡಿನ ಕುಂದುಕೊರತೆಗಳನ್ನು ಹೇಳುವ ಸಂಪ್ರದಾಯ ಅಂದೇ ಮೊದಲಾಯಿತು.

ದಿವಾನಗಿರಿಗೆ ಎರಡು ವರ್ಷ ತುಂಬುವ ಮೊದಲೇ, 1883ರ ಜನವರಿ 20ರಂದು, ಅವರು ಮದರಾಸಿನಲ್ಲಿ ನಿಧನರಾದರು. ಮರುವರ್ಷ ಅವರ ಹೆಸರಿನಲ್ಲಿ ಆರಂಭವಾದ ಭವನವು ನಾಗರಿಕರ ಸಭೆ ಸಮಾರಂಭಗಳಿಗೆ ಆಶ್ರಯವಾಯಿತು. ಪ್ರಜೆಗಳನ್ನು ಒಂದೆಡೆ ಕೂಡಿಸಿದವರಿಗೆ ಇದಕ್ಕಿಂತ ತಕ್ಕ ಸ್ಮಾರಕವಿಲ್ಲ. ಈ ನೆಲದಿಂದ ಹೋಗಿ ಕನ್ನಡ ನಾಡಿಗೆ ದುಡಿದ ಆ ಹಿರಿಯರನ್ನು, ಆ ನಾಡಿನಿಂದ ಬಂದು ಇಲ್ಲಿ ನೆಲೆಸಿದ ನಾವು ಮರೆಯದಿರೋಣ.