ಕವಿಶೈಲದ ಕುವೆಂಪು

ಮುಂಬಯಿಯ ಬೆನ್ನಿಗಿರುವ ಸಹ್ಯಾದ್ರಿಯ ಸಾಲು ಕೊಂಕಣ, ಗೋವೆಗಳನ್ನು ಹಾಯ್ದು ಮಲೆನಾಡನ್ನು ಹೊಗುತ್ತದೆ. ಸಾಂತಾಕ್ರೂಜಿನ ನಾವು ರಜೆಯಲ್ಲಿ ಊರಿಗೆ ಹೊರಟಾಗ ರೈಲಿನ ಎಡಗಡೆಯ ಕಿಟಕಿಯಲ್ಲಿ ಕಾಣುವ ಗಿರಿಗಳೂ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಗುಡ್ಡಗಳೂ ಒಂದೇ ಶ್ರೇಣಿಗೆ ಸೇರಿದವು. ಆ ಶ್ರೇಣಿಯ ಒಂದು ಪುಟ್ಟ ಗುಡ್ಡವು ಕನ್ನಡಿಗರಿಗೆಲ್ಲ ಹೆಸರಿನಿಂದ ಪರಿಚಿತವಾಗಿದೆ. ಅದಕ್ಕೆ ಕಾರಣ ಅದರ ಎತ್ತರವಲ್ಲ. ಅದನ್ನು ಜೀವನವಿಡೀ ಪ್ರೀತಿಸಿದ ಒಬ್ಬ ಕವಿ.

ಕುಪ್ಪಳ್ಳಿ ವೆಂಕಟಪ್ಪಗೌಡ ಪುಟ್ಟಪ್ಪನವರು 1904ನೆಯ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದರು. ಬೆಳೆದುದು ಮಾತ್ರ ಕುಪ್ಪಳಿಯ ದೊಡ್ಡ ಚೌಕಿಮನೆಯಲ್ಲಿ. ಮನೆಯ ಮುಂದೆ ಅಡಕೆಯ ತೋಟ, ಸುತ್ತಲೂ ಕಾಡು, ಹಿಂದೆ ಏರುವ ಗುಡ್ಡ. ಬಾಲಕನಿಗೆ ಅಕ್ಷರಾಭ್ಯಾಸಕ್ಕೆ ಮೊದಲೇ ಆ ಗುಡ್ಡದ ಪರಿಚಯವಾಯಿತೆಂದರೆ ತಪ್ಪಾಗಲಾರದು. ಅದರ ನೆತ್ತಿಯ ಹಾಸುಬಂಡೆಯ ಮೇಲೆ ಕುಳಿತರೆ ಪಶ್ಚಿಮದಲ್ಲಿ ಅಲೆಯ ಹಿಂದೆ ಅಲೆಯಂತೆ ಮಲೆಗಳು. ಅವುಗಳ ಹಿಂದೆ ಸೂರ್ಯಾಸ್ತ. ಜುಹೂ ತೀರದಲ್ಲಿ ನಮ್ಮ ಕಣ್ಣೆದುರು ಕಡಲಿಗಿಳಿಯುವ ಸೂರ್ಯನನ್ನೇ ಅವರು ಮಲೆಗಳ ಮರೆಗೆ ಸರಿಯುವಾಗ ಕಂಡರು. ಆ ಗುಡ್ಡಕ್ಕೆ ಕವಿಶೈಲವೆಂದು ಹೆಸರಿಟ್ಟವರೂ ಅವರೇ.

ಹುಡುಗನಿಗೆ ಹನ್ನೆರಡು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ತೀರ್ಥಹಳ್ಳಿಯ ಶಾಲೆ ಮುಗಿದ ಮೇಲೆ ಓದಿಗಾಗಿ 250 ಕಿಲೋಮೀಟರಿಗೂ ಮಿಕ್ಕಿ ದೂರದ ಮೈಸೂರಿಗೆ ಹೋಗಬೇಕಾಯಿತು. ಅಲ್ಲಿ ಅವರು ಬರೆಯತೊಡಗಿದುದು ಇಂಗ್ಲಿಷಿನಲ್ಲಿ. 1922ರಲ್ಲಿ ಒಂದು ಪುಟ್ಟ ಇಂಗ್ಲಿಷ್ ಕವನಸಂಕಲನವೂ ಅಚ್ಚಾಯಿತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಅವರ ಕವನಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯುವಂತೆ ತಿಳಿಹೇಳಿದರು. ತರುಣ ಕವಿಗೆ ಆ ಕ್ಷಣಕ್ಕೆ ಅದು ಹಿತವೆನಿಸಲಿಲ್ಲವಾದರೂ ಅವರ ಲೇಖನಿ ಕನ್ನಡದತ್ತ ತಿರುಗಿತು. ಕುಪ್ಪಳಿಯ ಹಕ್ಕಿ, ಮರ, ಹಳ್ಳ, ಮಳೆಗಳಿಗೆ ಕುಪ್ಪಳಿಯ ಮಾತಿನಲ್ಲಿಯೇ ಹೆಸರುಗಳಿದ್ದುವಷ್ಟೆ!

ಇಂದು ನಾವು ಒಂದು ಬೆಟ್ಟವನ್ನು ಕಂಡೊಡನೆ ಮೊಬೈಲಿನಲ್ಲಿ ಅದರ ಛಾಯಾಚಿತ್ರ ತೆಗೆಯುತ್ತೇವೆ. ಎರಡನೆಯ ಸಲ ನೋಡುವುದು ಚಿತ್ರವನ್ನೇ ಹೊರತು ಬೆಟ್ಟವನ್ನಲ್ಲ. ಕುವೆಂಪು ಅವರು ಒಂದೇ ಗುಡ್ಡವನ್ನು ಬೆಳಗಿನಲ್ಲಿ, ಬೈಗಿನಲ್ಲಿ, ಬೆಳುದಿಂಗಳಿನಲ್ಲಿ, ಮುಂಗಾರಿನ ಮೋಡದಲ್ಲಿ ಮತ್ತೆ ಮತ್ತೆ ನೋಡಿದರು. ಅದನ್ನು ಕುರಿತು ಮತ್ತೆ ಮತ್ತೆ ಹಾಡಿದರು. ಸೂರ್ಯೋದಯಕ್ಕಾಗಿ ಸಮೀಪದ ನವಿಲುಕಲ್ಲಿಗೆ ಕತ್ತಲಲ್ಲಿಯೇ ಹೊರಡುವುದೂ ಇತ್ತು. 1933ರಲ್ಲಿ ಪ್ರಕಟವಾದ ಅವರ ಗದ್ಯಕೃತಿಯ ಹೆಸರೇ 'ಮಲೆನಾಡಿನ ಚಿತ್ರಗಳು'. ಕ್ಯಾಮರಾ ಇಲ್ಲದೆ ತೆಗೆದ ಆ ಚಿತ್ರಗಳಲ್ಲಿ ಮಳೆಯ ಸದ್ದೂ ಇದೆ, ಬೇಟೆಗಾರರ ಹರಟೆಯೂ ಇದೆ. ಛಾಯಾಚಿತ್ರಕ್ಕೆ ಅದು ಸಾಧ್ಯವೆ? ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಮುಂದೆ ಮೂಡಿಗೆರೆಯ ಕಾಡಿನಲ್ಲಿ ನಿಜವಾದ ಕ್ಯಾಮರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದರು.

ಕುವೆಂಪು ಅವರ ಬಾಳಿನ ಬಹುಭಾಗ ಕಳೆದುದು ಮೈಸೂರಿನಲ್ಲಿ. ಅಲ್ಲಿಯೇ ಅವರು ಅಧ್ಯಾಪಕರಾದರು. 1937ರಲ್ಲಿ ಹೇಮಾವತಿಯವರ ಕೈಹಿಡಿದು 'ಉದಯರವಿ'ಯಲ್ಲಿ ಸಂಸಾರ ಹೂಡಿದರು. 1956ರಿಂದ 1960ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ 1967ರ ಜ್ಞಾನಪೀಠ ಪ್ರಶಸ್ತಿಯು, ಗುಜರಾತಿಯ ಕವಿ ಉಮಾಶಂಕರ ಜೋಶಿಯವರೊಡನೆ ಹಂಚಿಕೆಯಾಗಿ, ಕನ್ನಡಕ್ಕೆ ಮೊದಲ ಬಾರಿಗೆ ಸಂದಿತು. ಆದರೆ ನಗರದಲ್ಲಿ ಕುಳಿತು ಅವರು ಬರೆದ ಎರಡು ಮಹಾ ಕಾದಂಬರಿಗಳು, 1936ರ 'ಕಾನೂರು ಹೆಗ್ಗಡಿತಿ' ಮತ್ತು 1967ರ 'ಮಲೆಗಳಲ್ಲಿ ಮದುಮಗಳು', ಮಲೆನಾಡನ್ನು ಬಿಟ್ಟು ಕದಲಲಿಲ್ಲ. ಊರಿನಿಂದ ದೂರವಿದ್ದುದೇ ಊರನ್ನು ಅಷ್ಟು ನಿಚ್ಚಳವಾಗಿ ಕಾಣಿಸಿತೇನೋ ಎಂದು, ಊರು ಬಿಟ್ಟು ಬಂದ ಮನೆಗಳ ಮಕ್ಕಳಾದ ನಮಗೆ ಅನ್ನಿಸುತ್ತದೆ.

1994ನೆಯ ನವೆಂಬರ್ ತಿಂಗಳಿನಲ್ಲಿ ಅವರು ಮೈಸೂರಿನಲ್ಲಿ ದೇಹವಿಟ್ಟರು. ಅಂತ್ಯಸಂಸ್ಕಾರ ನಡೆದುದು ಕವಿಶೈಲದಲ್ಲಿ. ಸಮಾಧಿಯ ಸುತ್ತ ಕಲಾವಿದ ಕೆ. ಟಿ. ಶಿವಪ್ರಸಾದರ ಕಲ್ಪನೆಯಂತೆ ಭಾರಿ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಆ ಕಲ್ಲುಗಳ ಚಿತ್ರ ತೆಗೆದುಕೊಂಡು ಇಳಿದುಬಿಡುತ್ತಾರೆ. ತುಸು ಬಗ್ಗಿ ನೋಡಿದರೆ ಹಾಸುಬಂಡೆಯಲ್ಲಿ ಕೊರೆದ ಹೆಸರುಗಳು ಕಾಣುತ್ತವೆ: ಗುಡ್ಡವನ್ನು ನೋಡಲೆಂದು ಬಂದಿದ್ದ ಗುರುಗಳಾದ ಬಿ. ಎಂ. ಶ್ರೀ. ಮತ್ತು ಟಿ. ಎಸ್. ವೆಂಕಣ್ಣಯ್ಯನವರವು, ಜೊತೆಗೆ ಅವರ ಶಿಷ್ಯನದು.