ಡಾಕ್ಟರ್ ತಾಲಿಮೆರೆನ್ ಆವೊ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆಯ ಹುಡುಗರಿಗೆ ಕ್ರಿಕೆಟ್ ಆಟಗಾರರ ಹೆಸರುಗಳೆಲ್ಲ ಬಾಯಿಪಾಠ. ಕಾಲ್ಚೆಂಡಾಟದವರನ್ನು ಬಲ್ಲವರು ವಿರಳ. ಆದುದರಿಂದ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಕಾಲ್ಚೆಂಡು ತಂಡದ ನಾಯಕರಾಗಿದ್ದು, ಅನಂತರ ವೈದ್ಯವೃತ್ತಿಯಲ್ಲಿ ಬಾಳನ್ನು ಸವೆಸಿದ ತಾಲಿಮೆರೆನ್ ಆವೊ ಅವರ ಜೀವನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಅವರು 1918ನೆಯ ಇಸವಿ ಜನವರಿ 28ರಂದು ನಾಗಾ ಬೆಟ್ಟಗಳ ಚಾಂಕಿ ಎಂಬ ಹಳ್ಳಿಯಲ್ಲಿ ಜನಿಸಿದರು. ಹನ್ನೆರಡು ಮಕ್ಕಳ ತುಂಬು ಸಂಸಾರ. ತಂದೆಯವರು ಇಂಪುರದ ಕ್ರೈಸ್ತ ಮಿಷನ್ನಿನಲ್ಲಿ ಪಾದ್ರಿಗಳಾಗಿದ್ದರು. ಆ ಮಿಷನ್ನಿನ ಬಯಲಿನಲ್ಲಿ ಚಿಂದಿಬಟ್ಟೆಯ ಚೆಂಡನ್ನು ಬರಿಗಾಲಿನಿಂದ ಒದೆಯುತ್ತ ಆವೊ ಆಟ ಕಲಿತರು. 1935ರಲ್ಲಿ ತಂದೆಯವರು ವಿಷಮಶೀತಜ್ವರದಿಂದ ತೀರಿಕೊಂಡರು. ಮಗನು ವೈದ್ಯನಾಗಿ ತಮ್ಮ ಜನರ ಸೇವೆ ಮಾಡಬೇಕೆಂಬುದು ಅವರ ಕಡೆಯ ಆಸೆಯಾಗಿತ್ತು. ಮನೆತನದಲ್ಲಿ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿರುವ ನಮ್ಮಂಥವರಿಗೆ ಇಂಥ ಆಸೆಯ ಭಾರ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಗುವಾಹಾಟಿಯ ಕಾಟನ್ ಕಾಲೇಜಿನಲ್ಲಿ ಓದಿ, 1942ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜನ್ನು ಸೇರಿದರು. ಮರುವರ್ಷವೇ ಪ್ರಸಿದ್ಧವಾದ ಮೋಹನ್ ಬಗಾನ್ ತಂಡದವರಾದರು. ಮುಂದೆ ಅದರ ನಾಯಕತ್ವವೂ ದೊರೆಯಿತು. ಪುಸ್ತಕಕ್ಕಾಗಿ ಆಟವನ್ನಾಗಲಿ ಆಟಕ್ಕಾಗಿ ಪುಸ್ತಕವನ್ನಾಗಲಿ ಕೈಬಿಡಲಿಲ್ಲ.

1948ರ ಲಂಡನ್ ಒಲಿಂಪಿಕ್ ಕ್ರೀಡೆಗಳ ಪ್ರಾರಂಭದ ದಿನ ನಮ್ಮ ತ್ರಿವರ್ಣಧ್ವಜವನ್ನು ಹಿಡಿದು ಮುಂದೆ ನಡೆದವರು ಇವರೇ. ಜುಲೈ 31ರಂದು ಫ್ರಾನ್ಸಿನೊಡನೆ ಪಂದ್ಯ. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲೇ ಆಡಿದರು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದುವು. ಒಂದು ಗೋಲಿನಿಂದ ಹಿಂದೆ ಬಿದ್ದಿದ್ದ ತಂಡವನ್ನು ಸರಿಸಮಕ್ಕೆ ತಂದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ನಮ್ಮ ನಾಡಿನವರೆಂಬುದು ಎಷ್ಟು ಜನಕ್ಕೆ ತಿಳಿದಿದೆಯೋ! ಆಟ ಮುಗಿಯಲು ನಿಮಿಷವೊಂದು ಉಳಿದಿರುವಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ನಮ್ಮವರ ಆಟವನ್ನು ಅಲ್ಲಿಯ ಪ್ರೇಕ್ಷಕರು ಮೆಚ್ಚಿದರು.

1950ರಲ್ಲಿ ಎಂ.ಬಿ.ಬಿ.ಎಸ್. ಪದವಿ ಕೈಸೇರಿತು. ಆಗ ವಯಸ್ಸು 32. ಕಲ್ಕತ್ತೆಯಲ್ಲೇ ನೆಲೆಸಿದ್ದರೆ ಹೆಸರಿಗೂ ಹಣಕ್ಕೂ ಕೊರತೆಯಿರುತ್ತಿರಲಿಲ್ಲವೆಂದು ನನ್ನ ಊಹೆ. ಅವರಾದರೋ ಮೈದಾನಕ್ಕೆ ಬೆನ್ನುಮಾಡಿ ತಮ್ಮ ಸೀಮೆಗೆ ಹೊರಟರು. ಅಸ್ಸಾಮಿನ ದಿಬ್ರುಗಢದಲ್ಲಿ ಕೆಲಕಾಲ ದುಡಿದು, 1953ರಲ್ಲಿ ಕೊಹಿಮಾದ ಸರ್ಕಾರಿ ಆಸ್ಪತ್ರೆಗೆ ಬಂದರು. ಆ ದಶಕದಲ್ಲಿ ನಾಗಾ ಬೆಟ್ಟಗಳಲ್ಲಿ ಸರ್ಕಾರದ ಸೇನೆಗೂ ಬಂಡಾಯಗಾರರಿಗೂ ಕದನ ಹತ್ತಿಕೊಂಡಿತ್ತು. ಅಂಥ ಕಾಲದಲ್ಲಿ ಅವರು ಅಲ್ಲಿ ವೈದ್ಯರಾಗಿದ್ದರು ಎಂಬುದನ್ನು ಒಲಿಂಪಿಕ್ ಪಂದ್ಯಕ್ಕಿಂತ ದೊಡ್ಡದೆಂದು ನಾನು ಎಣಿಸುತ್ತೇನೆ.

1963ರಲ್ಲಿ ನಾಗಾಲ್ಯಾಂಡ್ ಪ್ರತ್ಯೇಕ ರಾಜ್ಯವಾದಾಗ ಅದರ ಆರೋಗ್ಯ ಸೇವೆಗಳ ನಿರ್ದೇಶಕರಾಗಿ, 1978ರಲ್ಲಿ ನಿವೃತ್ತರಾದರು. 1998ರ ಸೆಪ್ಟೆಂಬರ್ 13ರಂದು, ತಮ್ಮ 80ನೆಯ ವಯಸ್ಸಿನಲ್ಲಿ, ಕಾಲವಶರಾದರು.